ಕಲ್ಪನಾಳ ಫೋನ್ ನಂಬರು

ಕಂಪ್ಯೂಟರಿನಲ್ಲಿ ಎಂಟರ್ ಎಂಬ ಒಂದು ಗುಂಡಿಯಿದೆ ಎಂದು ನಾರಾಯಣ ಮಾಸ್ತರರಿಗೆ ಯಾರೂ ಹೇಳಿರಲಿಲ್ಲ. ಹಳದೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದ ಹಿಂದೆ, ಅಂದರೆ ೧೯೮೩ರಲ್ಲಿ, ಹತ್ತನೆಯ ತರಗತಿ ಮುಗಿಸಿದ ಐವತ್ತೆಂಟು ಮಂದಿಯ ಹೆಸರು, ಫೋನು, ಊರುಗಳನ್ನು ಅವರು ಹಳೆಯ ಹಾಜರಿ ಪುಸ್ತಕದ ಕ್ರಮದಲ್ಲೇ ಟೈಪು ಮಾಡಿದ್ದರು. ಆದರೆ ಎಲ್ಲವೂ ಒಂದೇ ಸಾಲಿನಲ್ಲಿ. ಆ ಫ್ಲಾಪಿಯನ್ನು ಹೊನ್ನಾವರದ ಕಂಪ್ಯೂಟರ್ ಸೆಂಟರಿಗೆ ತಂದು ಭಾಸ್ಕರನ ಕೈಗಿತ್ತರು. ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಹೆಸರು ಮತ್ತು ನಂಬರಿನ ಯಾದಿ ಸಂಜೆಯೊಳಗೆ ಬೇಕೆಂದು ಹೇಳಿ ಹೋದರು.

ಭಾಸ್ಕರ ಸೆಂಟರಿನಲ್ಲಿ ಕಲಿಸುವವನು. ಯಜಮಾನ ವೆಂಕ್ಟ್ರಮಣ. ಇಬ್ಬರೂ ಅದೇ ತರಗತಿಯ ಹಿಂದಿನ ಬೆಂಚಿನವರು, ಇಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ. ವೆಂಕ್ಟ್ರಮಣ ಯಾಕೆ ಆಗಲಿಲ್ಲವೋ ಯಾರೂ ಕೇಳಿರಲಿಲ್ಲ. ಕೇಳುವಂಥ ಮುಖವೂ ಅವನದಲ್ಲ. ಭಾಸ್ಕರನ ಕಾರಣ ಮಾತ್ರ ಪಕ್ಕದಂಗಡಿಯಲ್ಲಿ ಬಟ್ಟೆ ಹೊಲಿಯುವ ಶ್ರೀಮತಿಯಕ್ಕನಿಗೂ ಗೊತ್ತಿತ್ತು. ಆ ಕಾರಣದ ಹೆಸರು ಕಲ್ಪನಾ. ಕೊನೆಯ ಪರೀಕ್ಷೆಯ ದಿನ ಬಸ್ಸು ಕಾಯುತ್ತ ನಿಂತಾಗ, ನಾಲ್ಕನೆಯ ಲೆಕ್ಕಕ್ಕೆ ಎಷ್ಟು ಉತ್ತರ ಬಂತೆಂದು ಅವಳು ಕೇಳಿದ್ದಳು. ಹೇಳುವಷ್ಟರಲ್ಲಿ ಬಸ್ಸು ಬಂತು. ಅವಳ ಅಪ್ಪನಿಗೆ ವರ್ಗವಾಗಿ ಮನೆಯವರೆಲ್ಲ ಊರು ಬಿಟ್ಟರು. ಇಪ್ಪತ್ತು ವರ್ಷದಿಂದ ಆ ಉತ್ತರ ಭಾಸ್ಕರನ ಗಂಟಲಲ್ಲೇ ಇತ್ತು.

ಫೈಲಿನಿಂದ ಬೇಕಾದ್ದನ್ನಷ್ಟೇ ಹೆಕ್ಕಲು ಅವನೊಂದು ಸೂತ್ರ ಬರೆದ: ‘ಫೋನ್’ ಎಂದಿರುವಲ್ಲಿಂದ ಶುರುಮಾಡಿ, ಮುಂದಿನದೆಲ್ಲವನ್ನೂ ತೆಗೆದುಕೊಂಡು, ‘ಊರು’ ಬಂದಾಗ ನಿಲ್ಲು. ‘ಎಲ್ಲವನ್ನೂ’ ಎಂಬುದಕ್ಕೆ ಒಂದು ಚುಕ್ಕೆ, ಒಂದು ನಕ್ಷತ್ರ. ಆ ನಕ್ಷತ್ರವೋ, ಪಂಕ್ತಿಯ ಮೊದಲ ಎಲೆಗೆ ಕೂತು ಕೊನೆಯ ಎಲೆಯವರೆಗೆ ಬಾಚಿ ಉಂಡ ಭಟ್ಟರಂತೆ, ಮೊದಲನೆಯವನ ಫೋನಿನಿಂದ ಐವತ್ತೆಂಟನೆಯವನ ಊರಿನವರೆಗೆ ಇಡೀ ತರಗತಿಯನ್ನು ಒಂದೇ ತುತ್ತು ಮಾಡಿತು.

ಕಣ್ಣಿಂದ ನೋಡಿ ಬರೆದುಕೊಳ್ಳಬಾರದೇ ಎಂದು ಶ್ರೀಮತಿಯಕ್ಕ ಕಿಟಕಿಯಿಂದಲೇ ಕೇಳಿದಳು. ಕಣ್ಣಿಂದ ನೋಡುವುದಾದರೆ ಕಂಪ್ಯೂಟರ್ ಯಾಕೆಂದು ಭಾಸ್ಕರ ಗತ್ತಿನಿಂದ ಹೇಳಿ, ಮೊದಲು ಸಿಕ್ಕ ‘ಊರು’ವಿನಲ್ಲೇ ನಿಲ್ಲಲೆಂದು ನಕ್ಷತ್ರದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಇಟ್ಟ. ಹೊಟ್ಟೆಬಾಕತನ ನಿಂತಿತು. ಆದರೆ ಮಾಸ್ತರರು ಫೋನಿನ ಜಾಗದಲ್ಲಿ ‘ಪಕ್ಕದ ಮನೆಯದು’, ‘ಸಿಟ್ಟಿನವರು, ಬೆಳಿಗ್ಗೆ ಮಾಡಬೇಡಿ’ ಎಂದೆಲ್ಲ ಬರೆದಿದ್ದರು. ಅದೂ ಬಂತು. ಮಧ್ಯಾಹ್ನದ ಗಂಜಿ ಆರಿ ತಣ್ಣಗಾಯಿತು. ಕೊನೆಗೆ ಅವನು ಸೂತ್ರವನ್ನು ಬಿಗಿಮಾಡಿದ: ಅಂಕೆಗಳು ಮಾತ್ರ ಬರಲಿ, ಕಡಿಮೆಯೆಂದರೆ ಒಂದಾದರೂ ಅಂಕೆ ಇರಲಿ. ನಂಬರುಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ಬಂದವು. ಹೆಸರುಗಳದೊಂದು ಸಾಲು, ಅದರ ಪಕ್ಕಕ್ಕೆ ನಂಬರುಗಳದೊಂದು ಸಾಲು ಜೋಡಿಸಿದ.

ಕಲ್ಪನಾಳ ಹೆಸರಿನ ಎದುರು ಕುಮಟಾದ ನಂಬರಿತ್ತು.

ಭಾಸ್ಕರ ಅದನ್ನು ಮೂರು ಸಲ ಓದಿದ. ಅವಳು ಮುಂಬಯಿಯಲ್ಲೋ ದಿಲ್ಲಿಯಲ್ಲೋ ಇರಬಹುದೆಂದು ಇಷ್ಟು ಕಾಲ ಅವನು ದೂರದೂರಿನ ಬಸ್ಸುಗಳನ್ನು ನೋಡಿ ನಿಟ್ಟುಸಿರು ಬಿಟ್ಟಿದ್ದ. ಅವಳು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯಲ್ಲಿದ್ದಳು.

ವೆಂಕ್ಟ್ರಮಣನ ಎದುರು ಮಾತಾಡಲಾಗದೆ, ಎದುರಿನ ವಿಘ್ನೇಶ್ವರನ ಎಸ್‌ಟಿಡಿ ಬೂತಿಗೆ ಹೋದ. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ವಿಘ್ನೇಶ್ವರ ಪೇಪರಿನ ಒಂದೇ ಪುಟವನ್ನು ಬಹಳ ಹೊತ್ತು ಓದಿದ. ಆ ಕಡೆ ಹೆಂಗಸಿನ ಧ್ವನಿ ಯಾರೆಂದು ಕೇಳಿತು. ಭಾಸ್ಕರನಿಗೆ ತನ್ನ ಹೆಸರೇ ಬಾಯಿಗೆ ಬರಲಿಲ್ಲ.

“ಹಳದೀಪುರದ ಹೈಸ್ಕೂಲು. ಹಿಂದಿನ ಬೆಂಚು,” ಅಂದ. “ಈಗ ಹೊನ್ನಾವರದ ಕಂಪ್ಯೂಟರ್ ಸೆಂಟರಲ್ಲೇ ಇರೂದು. ಇಪ್ಪತ್ತು ವರ್ಷ ಆತು. ಮರೀಲಿಕ್ಕೆ ಆಗ್ಲಿಲ್ಲ ಹೇಳೂಕೆ ಫೋನ್ ಮಾಡಿದ್ದು.”

ವಿಘ್ನೇಶ್ವರ ಕೊನೆಗೂ ಪುಟ ತಿರುವಿದ.

“ಗೊತ್ತಾತು,” ಎಂದಿತು ಆ ಕಡೆಯ ಧ್ವನಿ. “ಒಂದಿನ ನೀ ಮಾಡ್ತೆ ಅಂತ ಇದ್ದೆ. ನಾಲ್ಕು ಗಂಟೆ ಬಸ್ಸಿಗೆ ನಾನೇ ಬತ್ತೆ.”

ಸುದ್ದಿ ಭಾಸ್ಕರನಿಗಿಂತ ಮೊದಲೇ ರಸ್ತೆ ದಾಟಿತ್ತು. ಶ್ರೀಮತಿಯಕ್ಕ ಅವನ ಅಂಗಿ ಬಿಚ್ಚಿಸಿ ಇಸ್ತ್ರಿ ಹಾಕಿದಳು. ಅಲ್ಲಿಯವರೆಗೆ ಅವನು ಯಾರೋ ಹೊಲಿಯಲು ಕೊಟ್ಟ ಜರಿ ಶಾಲು ಹೊದ್ದು ಕೂತ. ವಿಘ್ನೇಶ್ವರ ಕ್ಷೌರದಂಗಡಿಯವನನ್ನೇ ಕರೆತಂದ. ವೆಂಕ್ಟ್ರಮಣ ಮಾತ್ರ ತಲೆಯೆತ್ತದೆ, ಕೆಟ್ಟ ಪ್ರಿಂಟರಿನೊಳಗೆ ಕೈಯಿಟ್ಟು ಕೂತಿದ್ದ.

ಐದಕ್ಕೆ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಗಿಡ್ಡ, ದಪ್ಪ ಜಡೆ, ಕೈಯಲ್ಲಿ ಅಬ್ಬಲಿಗೆ ಹೂವಿನ ಪೊಟ್ಟಣ. ಅದೇ ತರಗತಿಯ ತಿಮ್ಮಿ. ಕುಮಟಾದಲ್ಲಿ ನರ್ಸಾಗಿದ್ದಾಳೆಂದು ಭಾಸ್ಕರ ಕೇಳಿದ್ದ. ಜೊತೆಗೆ ಬಂದಿರಬೇಕೆಂದು ಅವನು ಅವಳ ಬೆನ್ನ ಹಿಂದೆ ಕಲ್ಪನಾಳನ್ನು ಹುಡುಕಿದ. ತಿಮ್ಮಿ ಅವನ ಹೆಗಲಿನಾಚೆ ಪ್ರಿಂಟರಿನತ್ತ ನೋಡುತ್ತಿದ್ದಳು.

“ಬಸ್ಸಲ್ಲಿ ಹೋಪಾಗೆಲ್ಲ ಈ ಬೋರ್ಡಲ್ಲಿ ನಿನ್ನ ಹೆಸರು ಓದ್ತಿದ್ದೆ ವೆಂಕ್ಟ್ರಮಣ. ಇಳಿಯೂಕೆ ಧೈರ್ಯ ಆಗ್ಲಿಲ್ಲ. ನೀನೇ ಫೋನ್ ಮಾಡಿದ್ದು ಒಳ್ಳೇದಾತು.”

ವೆಂಕ್ಟ್ರಮಣ ಎದ್ದು ನಿಂತ. ಮೊಣಕೈವರೆಗೆ ಮಸಿ. ಇಷ್ಟು ವರ್ಷದಲ್ಲಿ ಆ ಮುಖದಲ್ಲಿ ಅಂಥದೊಂದು ಬೆಳಕನ್ನು ಭಾಸ್ಕರ ಕಂಡಿರಲಿಲ್ಲ. ತಾನು ಯಾವ ಫೋನೂ ಮಾಡಿಲ್ಲವೆಂದು ಹೇಳಲು ವೆಂಕ್ಟ್ರಮಣ ಬಾಯಿ ತೆರೆದ.

“ಬೆಳಗಿಂದ ಅದೇ ಗಡಿಬಿಡಿ ಇವಂದು,” ಎಂದ ಭಾಸ್ಕರ. “ಕೈ ತೊಳ್ಕಂಡು ಹೋಗು ಮಾರಾಯಾ, ಚಾ ಆದ್ರೂ ಕೊಡ್ಸು.”

ಅವರಿಬ್ಬರೂ ರಸ್ತೆಗಿಳಿದ ಮೇಲೆ ಭಾಸ್ಕರ ಎಣಿಸಿದ. ಹೆಸರು ಐವತ್ತೆಂಟು, ನಂಬರು ಐವತ್ತೇಳು. ಒಂದಾದರೂ ಅಂಕೆ ಇರಬೇಕೆಂದು ಅವನು ಹಟ ಹಿಡಿದದ್ದರಿಂದ, ಏನೂ ಬರೆಯದಿದ್ದ ಒಬ್ಬರ ಜಾಗವನ್ನು ಸೂತ್ರ ಹಾರಿಸಿಬಿಟ್ಟಿತ್ತು. ಅಲ್ಲಿಂದಾಚೆ ಪ್ರತಿಯೊಬ್ಬರ ಎದುರೂ ಮುಂದಿನವರ ನಂಬರು ಬಂದು ಕೂತಿತ್ತು. ಹಾಜರಿ ಪುಸ್ತಕದಲ್ಲಿ ಕಲ್ಪನಾಳ ನಂತರದವಳು ತಿಮ್ಮಿ. ಅವನು ಮಾಸ್ತರರ ಫೈಲು ತೆರೆದು, ಕೊನೆಗೂ ಕಣ್ಣಿಂದಲೇ ಓದಿದ. ಕಲ್ಪನಾ. ಫೋನ್, ಖಾಲಿ. ಊರು, ಗೊತ್ತಿಲ್ಲ.

ಸೂತ್ರ ಸಡಿಲಿಸಿ, ಖಾಲಿಯಿದ್ದರೆ ಖಾಲಿಯೇ ಬರಲಿ ಎಂದು ಬರೆದ. ಈಗ ಯಾದಿಯಲ್ಲಿ ತಪ್ಪಿರಲಿಲ್ಲ. ವೆಂಕ್ಟ್ರಮಣ ಅರ್ಧಕ್ಕೆ ಬಿಟ್ಟು ಹೋದ ಪ್ರಿಂಟರನ್ನೂ ಸರಿಮಾಡಿಟ್ಟ.

ಕತ್ತಲಾಗುವ ಮೊದಲು ವೆಂಕ್ಟ್ರಮಣ ಬಂದ, ಕಿವಿಯವರೆಗೂ ನಗು. ನಾಳೆ ತಾನು ಕುಮಟಾಕ್ಕೆ ಹೋಗುವುದಿದೆ, ಸೆಂಟರನ್ನು ಭಾಸ್ಕರನೇ ನೋಡಿಕೊಳ್ಳಬೇಕು ಎಂದ. ಯಾದಿಯ ಮೇಲೆ ಕಣ್ಣಾಡಿಸಿ ಒಂದು ಕಡೆ ಬೆರಳಿಟ್ಟ.

“ಇದೊಂದು ಖಾಲಿ ಕಾಣ್ತದೆ. ನಂಬರಿಲ್ದಿದ್ರೆ ಆ ಹೆಸರು ತೆಗ್ದಾಕು. ಚಂದ ಆಗ್ತದೆ.”

“ಆತು,” ಎಂದ ಭಾಸ್ಕರ. ವೆಂಕ್ಟ್ರಮಣ ಹೊರಗೆ ಹೋಗುವವರೆಗೆ ಕಾದು, ಐವತ್ತೆಂಟೂ ಹೆಸರನ್ನು ಪ್ರಿಂಟಿಗೆ ಹಾಕಿದ.