ನೀಲಿ ಬಟ್ಟೆಗೆ ಅಂಟಿಕೊಂಡವರು

ನೊಣದ ಜೊತೆ ಹಟಕ್ಕೆ ಬಿದ್ದವಳ ಕೊಟ್ಟಿಗೆಯಲ್ಲಿ ದಿನಕ್ಕೊಂದು ನಗೆ ಹುಟ್ಟುತ್ತಲೇ ಇರುತ್ತದೆ. ಅಂಕಲಗಿಯ ಹತ್ತಿರ ಒಂದೇ ಕರುವಿನಿಂದ ಹೈನು ಶುರು ಮಾಡಿದವಳು ನಾನು. ಶಾಲೆ ಕಂಡಿಲ್ಲ, ಅಂಗಡಿಯ ಪೊಟ್ಟಣದ ಕಾಗದ ಓದಿ ಓದಿಯೇ ಅಕ್ಷರ ಕಲಿತೆ. ಊರಿನ ದನಗಳಿಗೆ ಚರ್ಮಗಂಟು ರೋಗ ಬಂದಾಗ ನನ್ನ ಆಕಳು ತುಂಬು ಗಬ್ಬ. ಕಚ್ಚುವ ನೊಣ ರೋಗ ಹರಡುತ್ತದೆ, ನೀಲಿ ಬಟ್ಟೆಗೆ ಅಂಟು ಸವರಿ ತೂಗುಹಾಕಿದರೆ ಸಿಕ್ಕಿಬೀಳುತ್ತದೆ ಎಂದು ಕರಪತ್ರವೊಂದರಲ್ಲಿ ಓದಿದೆ.

೧. ಸ್ವಚ್ಛತೆ

ಔಡಲೆಣ್ಣೆಯಲ್ಲಿ ರಾಳ ಕಾಸಿ, ಮೂರು ಬಟ್ಟೆಗೆ ಸವರಿ ಕಟ್ಟಿದೆ. ಸಂಜೆಗೆ ನೊಣ ಕಪ್ಪಗೆ ಮುತ್ತಿದ್ದವು. ಮರುದಿನ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಮೂರೂ ಬಟ್ಟೆ ಹಗ್ಗದ ಮೇಲೆ ಶುಭ್ರವಾಗಿ ಒಣಗುತ್ತಿದ್ದವು. ನಮ್ಮತ್ತೆ ಕೈಯನ್ನು ಕಲ್ಲಿಗೆ ತಿಕ್ಕುತ್ತಿದ್ದರು.

“ಎಂಥಾ ಹೊಲಸು ಬಟ್ಟಿ ಕಟ್ಟಿದ್ದೀಯವ್ವಾ! ತುಂಬ ನೊಣಾ ಕುಂತಿದ್ವು. ಎರಡು ಸಾಬಾಣ ಸವದ್ವು ನೋಡು.”

೨. ಡಾಕ್ಟರ ಅಂಗಿ

ಮತ್ತೆ ಅಂಟು ಸವರಿ ಬಟ್ಟೆ ಕಟ್ಟಿದ ಮೇಲೆ ಘಟಪ್ರಭಾದಿಂದ ದನದ ಡಾಕ್ಟರು ಬಂದರು, ಮೈಮೇಲೆ ಹೊಸ ನೀಲಿ ಅಂಗಿ. ಆಕಳ ಕಾವು ನೋಡಲು ಬಗ್ಗಿದ್ದೇ ತಡ, ನೊಣಗಳೆಲ್ಲ ಅವರ ಬೆನ್ನಿಗೆ. ಕೊಡವಲು ಹೋದೆ.

“ಇರಲಿ ಬಿಡ್ರಿ ಅಕ್ಕಾ, ಅಷ್ಟೊತ್ತು ಆಕಳಿಗೆ ಆರಾಮ.”

ಜ್ವರವಿಲ್ಲ ಎಂದರು. “ಆದ್ರ ಬಾಜೂ ಕೊಟಗಿಗೂ ಬಟ್ಟಿ ಕಟ್ಟಸ್ರಿ. ಇಲ್ಲಂದ್ರ ಅಲ್ಲಿ ನೊಣ ಇಲ್ಲಿಗೆ ಬರತಾವು.”

ಆ ಪುಣ್ಯಾತ್ಮರಿಗೆ ಎಷ್ಟು ಕೈಮುಗಿದರೂ ಸಾಲದು. ಮುಂದಿನ ಸಲ ಮಾತ್ರ ಖಾಕಿ ತೊಟ್ಟು ಬಂದರು.

೩. ಪರೀಕ್ಷೆ

ಪಕ್ಕದ ಕೊಟ್ಟಿಗೆ ಗಿರಿಜಾ ಮೀಸೆಯ ಕಾಕಾ ಒಬ್ಬರದು. “ಕಾಗದಾ ಓದಿ ದನಾ ಕಾಯತಾಳಂತ!” ಎಂದು ಕಟ್ಟೆಯ ಮೇಲೆ ಕೂತು ನಕ್ಕವರು. ಈಗ ಅವರ ಎತ್ತಿಗೇ ಗಂಟು ಎದ್ದಿತ್ತು. ಕೇಳಲು ಅವರಿಗೆ ಮನಸ್ಸಿಲ್ಲ, ಬೇಡಿಕೊಳ್ಳಲು ನನಗೂ ಇಲ್ಲ. ಆಕಳಿಗೆ ದಿನ ತುಂಬುತ್ತಿತ್ತು. ಕಡೆಗೆ ಹಟ ನುಂಗಿ, ಒಂದು ಬೆಳಿಗ್ಗೆ ಅವರ ಮನೆಗೆ ಹೊರಟೆ.

ನೋಡಿದರೆ ಕಾಕಾ ನನ್ನ ಕೊಟ್ಟಿಗೆಯಲ್ಲೇ! ಅಂಟು ಯಾವುದರದೆಂದು ಮೂಸಿ ತಿಳಿಯಲು ಬಂದು, ಮೀಸೆ ಬಟ್ಟೆಗೆ ಅಂಟಿ, ನೊಣಗಳ ಸಾಲಿನಲ್ಲಿ ನಿಂತಿದ್ದರು.

“ಕಾಕಾ, ಕೇಳಿದ್ರ ಹೇಳತಿರಲಿಲ್ಲೇನ್ರಿ?”

“ಮೊದಲ ಬಿಡಸವ್ವಾ,” ತುಟಿ ಅಲ್ಲಾಡಿಸದೆ ಅಂದರು.

ಶೇಂಗಾ ಎಣ್ಣೆ ಹಚ್ಚಿ ಒಂದೊಂದೇ ಕೂದಲು ಬಿಡಿಸಿದೆ. ಆದರೂ ಅರ್ಧ ಮೀಸೆ ಬಟ್ಟೆಯಲ್ಲೇ ಉಳಿಯಿತು. ಅಂದೇ ಅವರ ಕೊಟ್ಟಿಗೆಗೆ ನಾಲ್ಕು ಬಟ್ಟೆ ಕಟ್ಟಿದೆವು. ಎತ್ತು ಚೇತರಿಸಿಕೊಂಡಿತು, ನನ್ನ ಆಕಳು ಮೈಮೇಲೆ ಒಂದೂ ಗಂಟಿಲ್ಲದೆ ಹೆಣ್ಣುಗರು ಹಾಕಿತು. ಮೊದಲ ಗಿಣ್ಣ ಕಾಕಾನ ಮನೆಗೇ ಕಳಿಸಿದೆ.

ಈಗ ಮೂಡಲಗಿ, ಹುಕ್ಕೇರಿ ಕಡೆಯಿಂದ ಜನ ನೋಡಲು ಬಂದರೆ ನನಗಿಂತ ಮೊದಲು ಕಾಕಾ ಮುಂದೆ ಬಂದು, ಉಳಿದರ್ಧ ಮೀಸೆ ತಿರುವುತ್ತಾರೆ:

“ಅಂಟು ಗಟ್ಟಿ ಐತ್ರಿ. ನಾನ ಸ್ವತಃ ಪರೀಕ್ಷಾ ಮಾಡೇನಿ.”