ಉಪ್ಪಿಲ್ಲದ ಕಲಾಕೃತಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಚಿತ್ರಕಲೆ ಬರುತ್ತದೆ. ಕಾನ್ವೆಂಟಿನಲ್ಲಿ ಓದುವಾಗ ಡ್ರಾಯಿಂಗ್ ಕಲಿಸುವ ಸಿಸ್ಟರ್ ನಾನು ಬರೆದ ಮಾವಿನಹಣ್ಣನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ಬದನೆಕಾಯಿ ಬಹಳ ಚೆನ್ನಾಗಿ ಬಂದಿದೆ ಎಂದಿದ್ದರು. ಇರಲಿ, ಹೊಗಳಿಕೆ ಹೊಗಳಿಕೆಯೇ!

ಇಂಥ ಉಜ್ವಲ ಹಿನ್ನೆಲೆಯ ನನ್ನ ಕೈಗೆ ಚಿಕ್ಕೋಡಿಯಲ್ಲಿ ಎಲ್ಲರಿಗಿಂತ ತಡವಾಗಿ ಸ್ಮಾರ್ಟ್‌ಫೋನ್ ಬಂತು. ಒಂದು ಮಧ್ಯಾಹ್ನ ಅದರಲ್ಲಿ ಯಾರೋ ಹೊರದೇಶದ ಹೆಣ್ಣುಮಗಳು ‘ಆರ್ಟ್ ಜರ್ನಲ್’ ಎಂಬುದರ ಪುಟ ಮಾಡುತ್ತಿದ್ದಳು. ದಪ್ಪ ಹಾಳೆಯ ಮೇಲೆ ಹಳೇ ಪೇಪರಿನ ಚೂರು, ಬಟ್ಟೆಯ ತುಂಡು, ಲೇಸು ಅಂಟಿಸಿದಳು. ಬಣ್ಣ ಬಳಿದಳು. ಮೇಲೆ ಬೆಳ್ಳಗಿನ ಗಟ್ಟಿ ಲೇಪವೊಂದನ್ನು ಉಬ್ಬುಬ್ಬಾಗಿ ಹಚ್ಚಿ, ಅಕ್ಷರದ ಅಚ್ಚು ಒತ್ತಿ ಹೆಸರು ಮೂಡಿಸಿದಳು. ಮುಗಿಯಿತು.

“ಇಷ್ಟೇನಾ!” ಎಂದೆ ನಾನು.

ನನ್ನ ಬಾಳಿನ ಎಲ್ಲ ಅನಾಹುತಗಳೂ ಈ ಒಂದು ಮಾತಿನಿಂದಲೇ ಶುರುವಾಗಿವೆ.

ಆಗಲೇ ನನ್ನ ಅಕ್ಕನ ಮಗಳು ಪಲ್ಲವಿಯ ಮದುವೆ ನಿಪ್ಪಾಣಿಯ ಹುಡುಗನ ಜೊತೆ ಗೊತ್ತಾಗಿತ್ತು. ನಮ್ಮ ಗಡಿ ಸೀಮೆಯ ಮದುವೆಗಳಲ್ಲಿ ರುಖವತ ಎಂದು ಒಂದು ಪದ್ಧತಿ. ಲಾಡು, ಚಕ್ಕುಲಿ, ಸಂಡಿಗೆ, ಕಸೂತಿ, ಮಣಿಯ ತೋರಣ, ಹೀಗೆ ಹೆಣ್ಣಿನ ಮನೆಯವರ ಕೈಕೆಲಸವನ್ನೆಲ್ಲ ಮಂಟಪದ ಪಕ್ಕ ಮೇಜಿನ ಮೇಲೆ ಹೊಂದಿಸಿ ಇಡಬೇಕು. ಗಂಡಿನ ಕಡೆಯವರು ಬಂದು ನೋಡುತ್ತಾರೆ. ನೋಡುತ್ತಾರೆ ಎಂದರೆ, ತಪ್ಪು ಹುಡುಕುತ್ತಾರೆ.

“ಮಾವಶಿ, ನಮ್ಮ ಅತ್ತಿ ಆಗೋರು ಎಲ್ಲಾಕ್ಕೂ ಹೆಸರಿಡ್ತಾರ. ನಿಶ್ಚಯದ ದಿನ ಹೋಳಿಗಿ ದಪ್ಪ ಆದವು ಅಂದಿದ್ದಕ್ಕ ಅವ್ವ ಎರಡ ದಿನ ಅತ್ತಾಳ. ಅವರು ಬಾಯಿ ಮುಚ್ಚೂವಂಥಾದು ಏನರ ಮಾಡಿಕೊಡ,” ಎಂದಳು ಪಲ್ಲವಿ. ಅವಳ ಕಣ್ಣಂಚಿನಲ್ಲಿ ನೀರಿತ್ತು.

“ಚಿಂತಿ ಬಿಡು. ಇಡೀ ನಿಪ್ಪಾಣಿ ನೋಡದಂಥಾದು ಮಾಡ್ತೇನಿ!” ಎಂದು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಂಡೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಆರ್ಟ್ ಜರ್ನಲ್ ಪುಟವನ್ನೇ ಮಾಡುವುದೆಂದು, ಆ ಬೆಳ್ಳಗಿನ ಲೇಪಕ್ಕಾಗಿ ಬಜಾರೆಲ್ಲ ಸುತ್ತಿದೆ. “ಗ್ವಾಡಿಗೆ ಹಚ್ಚೂ ಪುಟ್ಟಿ ಐತ್ರಿ ಅಕ್ಕಾರ, ದೊಡ್ಡ ಚೀಲ. ಮನಿಗೆ ಕಳಸ್ಲೇನ್ರಿ?” ಎಂದ ಒಬ್ಬ ಅಂಗಡಿಯವ. ಸೋತು ಮನೆಗೆ ಬಂದರೆ ಅತ್ತೆಯವರು ಅಕ್ಕಿ ಸಂಡಿಗೆಯ ಹಿಟ್ಟು ಕುದಿಸುತ್ತಿದ್ದರು. ಬೆಳ್ಳಗೆ, ಗಟ್ಟಿಯಾಗಿ, ಗುಳುಗುಳು ಎನ್ನುತ್ತಿತ್ತು. ಥೇಟ್ ಆ ವಿಡಿಯೋದ ಲೇಪ!

ಉಪ್ಪು ಜೀರಿಗೆ ಬೀಳುವ ಮೊದಲೇ ಒಂದು ಪಾತೇಲಿ ಹಿಟ್ಟು ಎತ್ತಿಟ್ಟೆ.

“ಉಪ್ಪಿಲ್ಲದ ಸಂಡಿಗಿ ನಾಯಿನೂ ಮೂಸೂದಿಲ್ಲ,” ಎಂದರು ಅತ್ತೆ.

“ಇದು ತಿನ್ನೂದಲ್ರಿ ಅತ್ತಿ, ಕಲಾ.”

“ಹಂಗಾರ ಹಸೀ ಮೆಣಸಿನಕಾಯಿನೂ ಬ್ಯಾಡೇನ ಅದಕ್ಕ?”

ಅಚ್ಚಿಗೆ ಆಲೂಗಡ್ಡೆ ಅರ್ಧ ಕತ್ತರಿಸಿ ಅಕ್ಷರ ಕೆತ್ತಿದೆ. ಮೊದಲ ಅಕ್ಷರಗಳೆಲ್ಲ ಉಲ್ಟಾ ಒತ್ತಿಕೊಂಡವು. ತಿದ್ದಿ ಮತ್ತೆ ಕೆತ್ತುವಾಗ ಒತ್ತಕ್ಷರ ಮುರಿದು ಬಿತ್ತು. ಆಲೂಗಡ್ಡೆ ದುಬಾರಿ ಇದ್ದ ಕಾಲ. ಕೆಟ್ಟ ಅಕ್ಷರಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ರಾತ್ರಿ ಪಲ್ಯ ಮಾಡಿದೆ.

ನಮ್ಮ ಮನೆಯವರು ಕೋರ್ಟಿನಲ್ಲಿ ಗುಮಾಸ್ತರು. ತಾಟು ನೋಡಿ ಗಂಭೀರವಾಗಿ ಕೇಳಿದರು: “ಅಲ್ಲ, ನನ್ನ ಪಲ್ಯದಾಗ ‘ವಿ’ ಬಂದೈತಿ. ಇದರ ಮುಂದಿನ ಅಕ್ಷರ ಯಾರ ತಾಟಿನ್ಯಾಗ ಐತಿ?”

“ಸುಮ್ಮನ ಉಣ್ರಿ. ಅಕ್ಷರ ಒತ್ತೂದು ದೊಡ್ಡ ಕಲಾ ಐತಿ.”

“ನಾ ದಿನಾ ಕೋರ್ಟಿನ್ಯಾಗ ಶಿಕ್ಕಾ ಹೊಡೀತೇನಿ. ಒಬ್ಬನರ ನನಗ ಕಲಾವಿದ ಅಂದಾನೇನು?”

ನಾನು ಜಗ್ಗಲಿಲ್ಲ. ಎರಡು ದಪ್ಪ ರಟ್ಟುಗಳ ಮೇಲೆ ಹಳೇ ದಿನಪತ್ರಿಕೆಯ ಚೂರು ಅಂಟಿಸಿ, ಅಂಚಿಗೆ ನನ್ನ ಹರಿದ ಇಳಕಲ್ ಸೀರೆಯ ಸೆರಗಿನ ತುಂಡು ಹಚ್ಚಿದೆ. ಅಂಗಡಿಯ ಬಣ್ಣದ ವಾಸನೆಗೆ ನನಗೆ ತಲೆನೋವು ಬರುತ್ತದೆ. ಅರಿಷಿಣ ನೀರನ್ನೇ ಬಳಿದೆ. ಮೇಲೆ ಹಿಟ್ಟನ್ನು ದುಂಡಗೆ ಬಿಲ್ಲೆಬಿಲ್ಲೆಯಾಗಿ ಇಟ್ಟು, ಆಲೂಗಡ್ಡೆಯನ್ನು ಗಜ್ಜರಿ ರಸದಲ್ಲಿ ಅದ್ದಿ ಬಿಲ್ಲೆಗೊಂದು ಅಕ್ಷರದಂತೆ ಒತ್ತಿದೆ. ಒಂದು ಪುಟದಲ್ಲಿ ‘ಶುಭ ವಿವಾಹ’, ಇನ್ನೊಂದರಲ್ಲಿ ವಧೂವರರ ಹೆಸರು. ಮಾಳಿಗೆಯ ಮೇಲೆ ಅತ್ತೆಯವರ ಸಂಡಿಗೆಗಳ ಪಕ್ಕದಲ್ಲೇ ಬಿಸಿಲಿಗಿಟ್ಟೆ. ಒಣಗಿದ ಮೇಲೆ ನೋಡಿದರೆ, ದೇವರಾಣೆ, ನನಗೇ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಮದುವೆಯ ದಿನ ಮೇಜಿನ ಮೇಲೆ ಬೇರೆಲ್ಲೂ ಜಾಗ ಇಲ್ಲವೆಂದು ಅಕ್ಕ ನನ್ನ ಕಲಾಕೃತಿಯನ್ನು ಶಾವಿಗೆಗೂ ಚಕ್ಕುಲಿಗೂ ನಡುವೆ ಒರಗಿಸಿದಳು. ನಾನು ಪಕ್ಕದಲ್ಲೇ, ಹೊಗಳುವವರ ಕೈಗೆ ಸಿಗುವಷ್ಟು ದೂರದಲ್ಲಿ ನಿಂತೆ.

ಮೊದಲು ಬಂದವರು ವರನ ಅಜ್ಜಿ. ಕಚ್ಚೆ ಸೀರೆ, ದೊಡ್ಡ ನತ್ತು. ಬಾಗಿ, ಕಣ್ಣು ಕಿರಿದು ಮಾಡಿ, ಪುಟವನ್ನು ಬಹಳ ಹೊತ್ತು ನೋಡಿದರು. ನನ್ನ ಎದೆ ಉಬ್ಬಿತು.

“ಛಾನ ಆಹೇ ಗ!” ಎಂದರು. ಚೆಂದ ಇದೆಯಂತೆ! ನಾನು ನಾಚಿ ತಲೆ ತಗ್ಗಿಸಿದೆ.

‘ಚಟ್!’ ಎಂಬ ಶಬ್ದ ಕೇಳಿ ತಲೆ ಎತ್ತಿದೆ. ಅಜ್ಜಿ ‘ಶು’ ಮುರಿದು ಬಾಯಿಗೆ ಹಾಕಿಕೊಂಡಿದ್ದರು.

“ಇನ್ನಾ ಹಸೀನ ಅದಾವಲ್ಲ! ಕರೀಲಾರದ ಹ್ಯಾಂಗ ಇಟ್ರಿ? ತಡೀರಿ, ಊಟಕ್ಕ ಬಡಸಾಕ ಬರ್ತಾವ,” ಎಂದವರೇ ಎರಡೂ ಪುಟ ಕಂಕುಳಲ್ಲಿ ಇಟ್ಟುಕೊಂಡು ಅಡುಗೆಯವರತ್ತ ಹೊರಟೇಬಿಟ್ಟರು.

“ಆಜೀ, ಅದು ತಿನ್ನೂದಲ್ರಿ, ಅದು...” ಎಂದು ಕೂಗಿದೆ. ಅದೇ ಗಳಿಗೆಯಲ್ಲಿ ಬ್ಯಾಂಡಿನವರು ಶುರು ಮಾಡಿದರು. ನಾನು ಓಡಿ ಮುಟ್ಟುವಷ್ಟರಲ್ಲಿ ‘ಹ’ ಎಣ್ಣೆಯಲ್ಲಿತ್ತು. ಉಬ್ಬಿತು, ಅಂಗೈ ಅಗಲ ಆಯಿತು. ಉಬ್ಬು ಅಕ್ಷರ ಎಂದರೆ ಹಾಗಿರಬೇಕು!

ಪಂಕ್ತಿಯಲ್ಲಿ ಮುಂದೆ ಕೂತ ಬೀಗರಿಗೆ ನನ್ನ ಕಲೆಯನ್ನು ಬಡಿಸಿದರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ವರನ ಸೋದರಮಾವ ಸಂಡಿಗೆಯನ್ನು ತಿರುಗಿಸಿ ನೋಡಿ, ಕನ್ನಡಕ ಸರಿಮಾಡಿಕೊಂಡು, ಜೋರಾಗಿ ಓದಿದರು:

“ಅಲ್ಲಲ್ಲಿ ಗುಡುಗು ಸಹಿತ ಮಳೆ!”

ಪತ್ರಿಕೆಯ ಚೂರು ಬೆನ್ನಿಗೆ ಅಂಟಿಕೊಂಡೇ ಕರಿದುಹೋಗಿತ್ತು. ಪಂಕ್ತಿಯೆಲ್ಲ ನಗೆಯಲ್ಲಿ ಮುಳುಗಿತು. ನಗದವರು ಇಬ್ಬರೇ: ಮದುಮಗಳು ಪಲ್ಲವಿ, ಮತ್ತು ಅವಳ ಅತ್ತೆ. ಆ ಅತ್ತೆ ನಿಧಾನಕ್ಕೆ ಒಂದು ತುಂಡು ಮುರಿದು ಅಗಿದರು. ನನ್ನ ಪಕ್ಕ ಬಂದು ನಿಂತಿದ್ದ ಅಕ್ಕ ನನ್ನ ಕೈ ಹಿಂಡಿದಳು.

“ಇದಕ್ಕ ಉಪ್ಪಽ ಇಲ್ಲ,” ಎಂದರು.

ಪಲ್ಲವಿ ಬಾಸಿಂಗದ ಕೆಳಗಿನಿಂದ ನನ್ನನ್ನೇ ನೋಡಿದಳು. ಎಲ್ಲ ಒಪ್ಪಿಕೊಂಡುಬಿಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ವರನ ತಂದೆ ಎರಡನೆಯ ಸಂಡಿಗೆಗೆ ಕೈ ಹಾಕಿದರು.

“ನನಗ ಬೀಪಿ ಐತಂತ ನೆನಪಿಟ್ಟು ಉಪ್ಪು ಬಿಟ್ಟಾರ! ನಮ್ಮ ಮನ್ಯಾಗೂ ಯಾರಿಗೂ ಇಷ್ಟು ಕಾಳಜಿ ಇಲ್ಲ ನೋಡ್ರಿ. ಇನ್ನೊಂದೆರಡ ಹಾಕ್ರಿ ಈ ಕಡೆ!”

ಬೀಗತಿಯ ಮುಖ ಬದಲಾಯಿತು. ಗಂಡ ಖುಷಿಯಿಂದ ತಿನ್ನುವುದನ್ನು ನೋಡುತ್ತ ನೋಡುತ್ತ ದನಿ ಮೆತ್ತಗಾಯಿತು. “ಅದ ಮತ್ತ! ಇವರಿಗೆ ಉಪ್ಪು ಬಿಡಿಸಿ ಸಾಕಾಗೇತಿ. ಯಾರ ಮಾಡ್ಯಾರ್ರೀ ಇದನ್ನ?”

“ನಮ್ಮ ತಂಗೀರಿ!” ಎಂದು ಅಕ್ಕ ನನ್ನನ್ನು ಕಂಬದ ಮರೆಯಿಂದ ಎಳೆದು ನಿಲ್ಲಿಸಿದಳು.

“ಭಾಳ ಚಲೋ ಆಗ್ಯಾವ. ಖರೇ ಒಂದ ಮಾತ್ರೀ, ಪೇಪರಿನ ಮ್ಯಾಲೆ ಒಣಗಸಬ್ಯಾಡ್ರಿ. ಪ್ಲಾಸ್ಟಿಕ್ ಹಾಳಿ ಹಾಸ್ರಿ.”

“ಹೂಂ ರಿ,” ಎಂದೆ. ಪಲ್ಲವಿ ಅಂದು ಮೊದಲ ಸಲ ಹಲ್ಲು ಕಾಣುವಂತೆ ನಕ್ಕಳು. ಆ ನಗು ನೋಡಿದ ಮೇಲೆ ಕಲೆಯ ಬಗ್ಗೆ ನಾನು ಹೇಗೆ ತಾನೆ ಬಾಯಿ ಬಿಡಲಿ?

ಈಗ ಪ್ರತಿ ಬೇಸಿಗೆ ನಿಪ್ಪಾಣಿಗೆ ಒಂದು ಡಬ್ಬಿ ಉಪ್ಪಿಲ್ಲದ ಸಂಡಿಗೆ ಹೋಗುತ್ತದೆ. ಅಕ್ಷರ ಇದ್ದರೇ ಚೆಂದ ಎಂದು ಬೀಗರ ಅಪ್ಪಣೆ. ಬೋಳು ರಟ್ಟುಗಳು ಇನ್ನೂ ನನ್ನ ಟ್ರಂಕಿನಲ್ಲಿವೆ, ಮೇಲೆ ದುಂಡನೆಯ ಕಲೆಗಳು ಮಾತ್ರ ಉಳಿದಿವೆ. ನಾನೂ ಬಿಟ್ಟಿಲ್ಲ. ಫೋನಿನಲ್ಲಿ ಹೊಸ ಹೊಸ ಆರ್ಟ್ ಜರ್ನಲ್ ನೋಡುತ್ತಲೇ ಇರುತ್ತೇನೆ. ನೋಡುತ್ತ ನೋಡುತ್ತ ಮೈಮರೆತಾಗ ಅತ್ತೆಯವರು ಅಂಗಳದಿಂದ ಕೂಗುತ್ತಾರೆ:

“ಏ, ನಿನ್ನ ಕಲಾ ಒಣಗಿತೇನ ನೋಡ! ಮಾಳಿಗಿ ಮ್ಯಾಲೆ ಕಾಗಿ ಬಂದಾವ!”