ಕಪ್ಪು ಕನ್ನಡಕದ ಪರೀಕ್ಷಕಿ

ಒಂದು ಗುಟ್ಟು ಹೇಳಿಬಿಡುತ್ತೇನೆ. ನನ್ನ ಮುಖಕ್ಕೆ ಯಾರೂ ಹೆದರುವುದಿಲ್ಲ. ಕೆಲವು ಟೀಚರುಗಳು ಸುಮ್ಮನೆ ಹುಬ್ಬೇರಿಸಿದರೆ ಸಾಕು, ಇಡೀ ಕ್ಲಾಸು ತೆಪ್ಪಗಾಗುತ್ತದೆ. ನಾನು ಕಣ್ಣು ಕೆಂಪಗೆ ಮಾಡಿಕೊಂಡು ನಿಂತರೆ, "ಮಿಸ್, ನಿದ್ದೆ ಆಗಿಲ್ವಾ?" ಎಂದು ಕೇಳುತ್ತಾರೆ. ಮದುವೆಗೆ ಮುಂಚೆ ತುಮಕೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಾಗ, ಒಬ್ಬಳು ಹುಡುಗಿಯನ್ನು ಹತ್ತು ನಿಮಿಷ ಬೈದೆ. ಪೂರ್ತಿ ಕೇಳಿಸಿಕೊಂಡ ಅವಳು ಜೇಬಿನಿಂದ ಕಡಲೆ ಮಿಠಾಯಿ ತೆಗೆದು, ಮುರಿದು, ದೊಡ್ಡ ತುಂಡನ್ನೇ ನನ್ನ ಕೈಗಿಟ್ಟಳು. ನಾನು ತಿಂದೆ. ಆಮೇಲೆ ಬೈಗುಳ ಮುಂದುವರಿಸಲು ಬಾಯಿ ಖಾಲಿ ಇರಲಿಲ್ಲ.

ಇದೊಂದು ಕೊರತೆ ಎಂದು ನನಗೆ ಅನ್ನಿಸಿರಲೇ ಇಲ್ಲ, ಕೊಯಮತ್ತೂರಿಗೆ ಬಂದು ಇಂಗ್ಲಿಷ್ ಪರೀಕ್ಷೆಗೆ ತರಬೇತಿ ಕೊಡಲು ಶುರುಮಾಡುವ ತನಕ. ನನ್ನ ಗಂಡನಿಗೆ ಇಲ್ಲಿನ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಕೆಲಸ. ಸಿಂಗಾನಲ್ಲೂರಿನಲ್ಲಿ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಒಂದು ಬಿಳಿ ಬೋರ್ಡು, ಎಂಟು ಕುರ್ಚಿ, ನಾನು. ಬರುವವರು ಹೆಚ್ಚಾಗಿ ವಿದೇಶಕ್ಕೆ ಹೊರಟ ನರ್ಸ್‌ಗಳು, ಮಧ್ಯೆ ಮಧ್ಯೆ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕೆಲಸ ಮಾಡುವ ಯುವಕರು. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು, ಈ ಮೂರನ್ನೂ ಹೇಗೋ ದಾಟುತ್ತಾರೆ. ನಾಲ್ಕನೆಯದು ಮಾತಾಡುವುದು. ಒಂದು ಕೋಣೆ, ಒಂದು ಮೇಜು, ಎದುರಿಗೆ ಒಬ್ಬರು ಅಪರಿಚಿತ ಪರೀಕ್ಷಕರು. ಅವರು ನಗುವುದಿಲ್ಲ, ತಲೆಯಾಡಿಸುವುದಿಲ್ಲ. ಒಂದು ಚೀಟಿ ಕೊಟ್ಟು, ಇದರ ಬಗ್ಗೆ ಎರಡು ನಿಮಿಷ ಮಾತಾಡಿ ಎನ್ನುತ್ತಾರೆ. ಒಂಬತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ನನ್ನ ಮುಂದೆ ಹರಟೆ ಮಲ್ಲಿಯರಾಗಿದ್ದ ಹುಡುಗಿಯರು ಅಲ್ಲಿ ಹೋಗಿ ಮೂಗಿಯರಾಗಿ ಬರುತ್ತಿದ್ದರು. ಕಾರಣ ನಾನೇ! ನನ್ನಂಥ ಮುಖವನ್ನು ನೋಡಿ ಅಭ್ಯಾಸ ಮಾಡಿದವರಿಗೆ ನಿಜವಾದ ಪರೀಕ್ಷಕರ ಮುಖ ಕಲ್ಲಿನ ಗೋಡೆಯ ಹಾಗೆ ಕಾಣುತ್ತಿತ್ತು.

ಅವರಲ್ಲಿ ರಂಗನಾಯಕಿಯದು ದೊಡ್ಡ ಕಥೆ. ಕಿಣತ್ತುಕಡವಿನ ಹತ್ತಿರದ ತೋಟದ ಮನೆಯವಳು, ನಗರದ ಆಸ್ಪತ್ರೆಯಲ್ಲಿ ಆರು ವರ್ಷದಿಂದ ನರ್ಸ್. ತಲೆತಲಾಂತರದಿಂದ ಇಲ್ಲೇ ನೆಲೆಸಿದ ಕನ್ನಡದ ಒಕ್ಕಲು ಮನೆತನ. ಕನ್ನಡ ಓದಲು ಬಾರದು, ಮನೆಯಲ್ಲಿ ಆಡಲು ಬರುತ್ತದೆ, ಅದೂ ಅರ್ಧ ತಮಿಳಿನ ಜೊತೆ ಕೈಕೈ ಹಿಡಿದುಕೊಂಡು: 'ಆದರೆ'ಗೆ 'ಆನಾ', 'ನೋಡಿ'ಗೆ 'ಪಾರುಂಗ'. ಮೊದಲ ದಿನ ನಾನು ಫೋನಿನಲ್ಲಿ ಮನೆಯವರ ಜೊತೆ ಕನ್ನಡ ಮಾತಾಡಿದ್ದು ಕೇಳಿ ಕುಣಿದಾಡಿದ್ದಳು. "ಅಕ್ಕಾ, ನಮ್ಮನೇಲೂ ಇದೇ ಮಾತುಂಗಕ್ಕಾ! ಆನಾ ನಿಮ್ಮದು ರೇಡಿಯೋ ಥರಾ ಇದೆ!" ಅಂದಿನಿಂದ ನಾನು ಟೀಚರ್ ಹೋಗಿ ಅಕ್ಕ ಆದೆ. ಅಂದರೆ ಅವಳಿಗಿದ್ದ ಚೂರುಪಾರು ಹೆದರಿಕೆಯೂ ಹೋಯಿತು.

ಐರ್ಲೆಂಡಿನ ಆಸ್ಪತ್ರೆಯೊಂದು ಅವಳನ್ನು ಆಯ್ಕೆ ಮಾಡಿತ್ತು. ಮಾತಿನ ಪರೀಕ್ಷೆಯಲ್ಲಿ ಏಳು ಬರಬೇಕು. ಎರಡು ಸಲ ಕೂತು ಎರಡು ಸಲವೂ ಐದೂವರೆ ತಂದಳು. "ಇನ್ನೊಂದೇ ಸಲ ಕಾಯುತ್ತೇವೆ, ಆಮೇಲೆ ಆ ಜಾಗ ಬೇರೆಯವರಿಗೆ" ಎಂದು ಅಲ್ಲಿಂದ ಪತ್ರ ಬಂದಿತ್ತು. ಆ ಪತ್ರ ತೋರಿಸಿ ಅವಳು ಹೇಳಿದ್ದಿಷ್ಟು: "ಅಕ್ಕಾ, ಇಂಗ್ಲಿಷ್ ಎಲ್ಲಾ ಗಂಟಲಿನವರೆಗೂ ಬರುತ್ತೆ. ಎದುರಿಗೆ ಕೂತವರು ಸುಮ್ಮಾ ನೋಡ್ತಾರೆ ಪಾರುಂಗ, ಅಷ್ಟೇ, ಎಲ್ಲಾ ವಾಪಸ್ ಹೋಗುತ್ತೆ." ಅವಳ ಕಣ್ಣಲ್ಲಿ ನೀರಿತ್ತು. ನಾನು ಬಿಸ್ಕತ್ತು ಕೊಟ್ಟೆ. ನನಗೆ ಬರುವುದು ಅಷ್ಟೇ.

ಈಗ ಬೇಕಾಗಿದ್ದದ್ದು ಒಂದು ಗಡುಸು ಮುಖ. ಮೊದಲು ನನ್ನ ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕೂರಿಸಿದೆ. ಮೂರನೇ ನಿಮಿಷಕ್ಕೆ ಅವರು ರಂಗನಾಯಕಿಯ ತೋಟದ ಬಾವಿಗೆ ಎಷ್ಟು ಅಶ್ವಶಕ್ತಿಯ ಮೋಟಾರು ಹಾಕಬೇಕು ಎಂದು ತಮಿಳಿನಲ್ಲಿ ವಿವರಿಸುತ್ತಿದ್ದರು. ಅದೇ ಹೊತ್ತಿಗೆ ಅರಸೀಕೆರೆಯಿಂದ ಅತ್ತೆ ಬಂದರು. ಇಲ್ಲಿನ ಕಣ್ಣಾಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಆಯಿತು, ಕೆಲವು ದಿನ ಬಗ್ಗಬಾರದು ಎಂದು ಕಟ್ಟಪ್ಪಣೆಯೂ ಆಯಿತು. ನಮ್ಮತ್ತೆಯದು ಮೊದಲೇ ಬಿಗಿಯಾದ ದವಡೆ, ಸಣ್ಣ ಕೊಕ್ಕಿನಂಥ ಮೂಗು. ಅದರ ಮೇಲೆ ಆಸ್ಪತ್ರೆಯವರು ಕೊಟ್ಟ ಅಗಲವಾದ ಕಪ್ಪು ಕನ್ನಡಕ ಬಂದು ಕೂತಾಗ, ಕಾಫಿ ಲೋಟ ಹಿಡಿದು ಹೋದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಮರುಕ್ಷಣ ನನ್ನ ತಲೆಯಲ್ಲಿ ದೀಪ ಹತ್ತಿತು. ಸಿಕ್ಕಿದರು ಪರೀಕ್ಷಕರು!

"ಅತ್ತೆ, ನನ್ನ ಸ್ಟೂಡೆಂಟ್ಸ್ ಮುಂದೆ ಸ್ವಲ್ಪ ಹೊತ್ತು ಕೂರ್ತೀರಾ? ಅವರು ಇಂಗ್ಲಿಷಲ್ಲಿ ಮಾತಾಡ್ತಾರೆ. ನೀವು ಸುಮ್ಮನೆ ನೋಡಬೇಕು."

"ನಂಗೆ ಎ ಬಿ ಸಿ ಡೀನೂ ಬರಲ್ಲ ಕಣೇ ಶೈಲಾ."

"ಬರದೇ ಇರೋದೇ ಒಳ್ಳೇದು. ನಗಬಾರದು, ತಲೆ ಆಡಿಸಬಾರದು, ಕನ್ನಡ ಮಾತಾಡಬಾರದು. ಕೊನೆಗೆ ಒಂಬತ್ತಕ್ಕೆ ನಿಮಗೆ ತೋಚಿದ ಮಾರ್ಕು ಹಾಕಿ. ಒಟ್ಟು ಹದಿನೈದು ನಿಮಿಷ."

"ಅಮ್ಮ ಹದಿನೈದು ನಿಮಿಷ ಬಾಯಿ ಮುಚ್ಚಿಕೊಂಡು ಕೂರ್ತಾಳಾ? ಮಕ್ಕಳಿಗಿಂತ ಕಷ್ಟದ ಪರೀಕ್ಷೆ ಅವಳದು!" ಒಳಗಿನಿಂದ ನನ್ನ ಗಂಡ ಕೂಗಿದರು. ಅತ್ತೆಗೆ ರೋಷ ಬಂತು. "ಕೂರ್ತೀನಿ ಕಣೇ, ಯಾವತ್ತು ಹೇಳು" ಎಂದರು.

ಭಾನುವಾರ ಬೆಳಗ್ಗೆ ಅತ್ತೆ ನನ್ನ ಹೊಸ ಕಾಟನ್ ಸೀರೆ ಉಟ್ಟು, ಮಗನ ಕೈಗಡಿಯಾರ ಕಟ್ಟಿಕೊಂಡು ಮೇಜಿನ ಹಿಂದೆ ವಿರಾಜಮಾನರಾದರು. ಕರ್ನಾಟಕದಿಂದ ಬಹಳ ಅನುಭವಸ್ಥ ಪರೀಕ್ಷಕರು ಬಂದಿದ್ದಾರೆ, ಮಾತಿನಲ್ಲಿ ಪ್ರಶ್ನೆ ಕೇಳುವುದಿಲ್ಲ, ಚೀಟಿ ಕೊಡುತ್ತಾರೆ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಅನುಭವ ಯಾವುದರಲ್ಲಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅತ್ತೆಯ ಅನುಭವವೆಲ್ಲ ಹಿಟ್ಟಿನ ಗಿರಣಿಯದು. ಮಾವನವರು ತೀರಿಕೊಂಡ ಮೇಲೆ ಮೂವತ್ತು ವರ್ಷ ಅದನ್ನು ನಡೆಸಿದವರು ಅವರು. ಮೇಜಿನ ಮೇಲೆ ಮಾತು ರೆಕಾರ್ಡ್ ಆಗಲೆಂದು ನನ್ನ ಫೋನು ಇಟ್ಟು, ನಾನು ಅಡುಗೆಮನೆಯ ಬಾಗಿಲ ಸಂದಿನಲ್ಲಿ ನಿಂತೆ.

ಮೊದಲು ಬಂದವನು ಸೆಂದಿಲ್, ತಿರುಪ್ಪೂರಿನ ಬನಿಯನ್ ಕಂಪನಿಯ ಯುವಕ, ನನ್ನ ಅತ್ಯಂತ ಹೆಮ್ಮೆಯ ವಿದ್ಯಾರ್ಥಿ. ತಾನು ಮೆಚ್ಚುವ ವ್ಯಕ್ತಿಯ ಬಗ್ಗೆ ಎರಡು ನಿಮಿಷ ಧಾರಾಕಾರ ಮಾತಾಡಿದ. ನಾನು ಕಲಿಸಿದ 'ಮೋರೋವರ್', 'ಆನ್ ದಿ ಅದರ್ ಹ್ಯಾಂಡ್' ಎಲ್ಲ ಅಚ್ಚುಕಟ್ಟಾಗಿ ಬಂದವು. ಮನಸ್ಸಿನಲ್ಲೇ ಏಳೂವರೆ ಕೊಟ್ಟೆ. ಅವನು ಹೊರಗೆ ಹೋದ ಮೇಲೆ ನೋಡಿದರೆ ಅತ್ತೆ ಬರೆದದ್ದು ಐದು!

"ಐದಾ? ಅತ್ತೆ, ಅವನು ನಮ್ಮ ಕ್ಲಾಸಿಗೇ ಫಸ್ಟು!"

"ಬಾಯಿಪಾಠ ಒಪ್ಪಿಸ್ತಾ ಇದ್ದ ಕಣೇ. ಕಣ್ಣು ಸೂರಿನ ಕಡೆ ಹೋಗ್ತಿತ್ತು, ಅಲ್ಲೇ ಬರೆದಿಟ್ಟ ಹಾಗೆ. ಗಿರಣಿ ಸದ್ದಲ್ಲಿ ಯಾರ ಮಾತು ಕೇಳುತ್ತೆ? ಮೂವತ್ತು ವರ್ಷ ಬರೀ ಮುಖ ನೋಡೇ ವ್ಯಾಪಾರ ಮಾಡಿದೀನಿ. ಈಗಂತೂ ಪೊರೆ ತೆಗೆದಿದಾರೆ, ಇನ್ನೂ ಲಕಲಕ ಕಾಣುತ್ತೆ."

ನನಗೆ ಸಿಟ್ಟು ಬಂತು. ರಾತ್ರಿ ಹಗಲು ವ್ಯಾಕರಣ ತಿದ್ದಿದವಳು ನಾನು! ವಾದ ಮಾಡಲು ಪುರುಸೊತ್ತಿರಲಿಲ್ಲ, ರಂಗನಾಯಕಿ ಬಾಗಿಲಲ್ಲಿ ನಿಂತಿದ್ದಳು. ಕಪ್ಪು ಕನ್ನಡಕ ನೋಡುತ್ತಲೇ ಅವಳ ಮುಖ ಸುಣ್ಣದ ಹಾಗಾಯಿತು. ಕೂತಳು. ಅತ್ತೆ ಚೀಟಿ ಕೊಟ್ಟರು: ನೀವು ಯಾರಿಗಾದರೂ ಸಹಾಯ ಮಾಡಿದ ಸಂದರ್ಭವನ್ನು ವಿವರಿಸಿ. ಆರು ವರ್ಷ ರೋಗಿಗಳ ಸೇವೆ ಮಾಡಿದವಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇದೆಯೇ? "ಐ... ಐ..." ಎಂದಳು. ಆಮೇಲೆ ಏನೂ ಇಲ್ಲ. ನಾನು ಬಾಗಿಲ ಸಂದಿನಲ್ಲಿ ಉಗುರು ಕಚ್ಚುತ್ತಿದ್ದೆ. ಅತ್ತೆ ಮಾತ್ರ ಕದಲಲಿಲ್ಲ. ನಗಲಿಲ್ಲ, ತಲೆಯಾಡಿಸಲಿಲ್ಲ. ಆದರೆ ಅವರ ಕಣ್ಣು ತುರಿಸಿತು. ನಿಧಾನವಾಗಿ ಒಂದು ಬೆರಳನ್ನು ಕನ್ನಡಕದ ಕೆಳಗೆ ತೂರಿಸಿದರು.

"ನೋ! ಡೋಂಟ್ ರಬ್!"

ರಂಗನಾಯಕಿ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಅತ್ತೆಯ ಬೆರಳು ಗಾಳಿಯಲ್ಲೇ ನಿಂತಿತು. ಮುಂದೆ ಹರಿದದ್ದು ಪೂರ್ತಿ ಇಂಗ್ಲಿಷು, ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೇ. ಮೇಡಂ, ಆಪರೇಷನ್ ಆಗಿ ಎಷ್ಟು ದಿನವಾಯಿತು? ಡ್ರಾಪ್ಸ್ ಹಾಕುವ ಮೊದಲು ಕೈ ತೊಳೆಯುತ್ತೀರಾ? ಹೀಗೆ ಉಜ್ಜಿದರೆ ಏನಾಗುತ್ತದೆ ಗೊತ್ತೇ? ನಮ್ಮ ವಾರ್ಡಿಗೆ ಬಂದ ಅಜ್ಜಿಯೊಬ್ಬರು ಇದೇ ರೀತಿ ಉಜ್ಜಿಕೊಂಡು ಮತ್ತೆ ಬಂದರು, ಅವರ ಪಕ್ಕದಲ್ಲಿ ಕೂತು ನಾನೇ ಡ್ರಾಪ್ಸ್ ಹಾಕುವುದನ್ನು ಹೇಳಿಕೊಟ್ಟೆ, ಈಗ ಅವರು ಸೂಜಿಗೆ ದಾರ ಪೋಣಿಸುತ್ತಾರೆ! ಒಂದು ನಿಮಿಷ, ಎರಡು, ಮೂರು. ನಿಲ್ಲುವ ಲಕ್ಷಣವೇ ಇಲ್ಲ. 'ಮೋರೋವರ್' ಒಂದೂ ಇಲ್ಲ, ಆದರೆ ಮಾತು ಎಣ್ಣೆ ಹಾಕಿದ ಹಾಗೆ ಜಾರುತ್ತಿತ್ತು. ನನಗೆ ಕುಣಿಯಬೇಕು ಅನ್ನಿಸಿ ಕುಣಿದೂ ಬಿಟ್ಟೆ. ಮೊಣಕೈ ತಾಗಿ ದೋಸೆ ಹಿಟ್ಟಿನ ಪಾತ್ರೆ ಉರುಳಿತು. ಕಾಲಿನ ಮೇಲೆಲ್ಲ ಹಿಟ್ಟು ಹರಿಯುತ್ತಿದ್ದರೂ ಬಾಗಿಲ ಸಂದಿ ಬಿಡಲಿಲ್ಲ.

ಅಷ್ಟರಲ್ಲಿ ರಂಗನಾಯಕಿ ಅತ್ತೆಯ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. ತುದಿಯಲ್ಲಿ ಬಿಳಿಯ ಪುಡಿ. "ಮೇಡಂ, ಬೆಳಗ್ಗೆ ಬಗ್ಗಿ ಕೋಲಂ ಹಾಕಿದಿರಾ?" ಎಂದು ಇಂಗ್ಲಿಷಿನಲ್ಲೇ ಗದರಿಸಿ, ಬಾಗಿಲ ಹೊರಗಿನ ರಂಗೋಲಿಯ ಕಡೆ ಬೆರಳು ಮಾಡಿ, ಸೊಂಟ ಬಗ್ಗಿಸಿ ತೋರಿಸಿದಳು. ಅತ್ತೆಗೆ ಅಲ್ಲಿಗೆ ಪರೀಕ್ಷಕರ ಪದವಿ ಮರೆತುಹೋಯಿತು.

"ಅಯ್ಯೋ, ನಾನು ಬಗ್ಗಲೇ ಇಲ್ಲ ಕಣಮ್ಮಾ! ಮಣೆ ಮೇಲೆ ಕೂತ್ಕೊಂಡು ಹಾಕಿದೆ. ನಮ್ಮ ಸೊಸೆಗೆ ಹೇಳಬೇಡ!"

ರಂಗನಾಯಕಿ ಅತ್ತೆಯನ್ನು ನೋಡಿದಳು, ಹಿಟ್ಟಿನ ಕಾಲಲ್ಲಿ ಬಾಗಿಲಿಗೆ ಬಂದ ನನ್ನನ್ನು ನೋಡಿದಳು. "ಅಕ್ಕಾ, ಇವರು ನಿಮ್ಮತ್ತೆಯಾ? ಇವರಿಗೆ ಇಂಗ್ಲಿಷ್ ಬರುತ್ತಾಂಗ?" ನಾನು ತಲೆ ತಗ್ಗಿಸಿದೆ. "ಹಂಗಾರೆ ಇಷ್ಟೊತ್ತು ನಾನು ಯಾರ ಹತ್ರ ಇಂಗ್ಲಿಷ್ ಮಾತಾಡ್ತಿದ್ದೆ?" ಎಂದವಳು ನಗಲು ಶುರುಮಾಡಿ ಮೇಜಿನ ಮೇಲೆ ತಲೆಯಿಟ್ಟಳು. ಅತ್ತೆ ಗಂಭೀರವಾಗಿ ಕಾಗದ ಮುಂದೆ ತಳ್ಳಿದರು. ಎಂಟು.

ಅದಾದ ಮೇಲೆ ಎಲ್ಲ ಗೊತ್ತಿದ್ದೂ ರಂಗನಾಯಕಿ ಮೂರು ಭಾನುವಾರ ಬಂದಳು, ಅತ್ತೆಯ ಮುಂದೆಯೇ ಕೂತಳು. ನಾನು ಚಹಾ ಕೊಡುವವಳಾದೆ. ಪರೀಕ್ಷೆಯ ದಿನ ನಾನೂ ಅತ್ತೆಯೂ ಅವಳ ಜೊತೆಗೆ ಹೋದೆವು. ಅತ್ತೆ ಹಟ ಹಿಡಿದು ಬಸ್ಸು ಹತ್ತಿದ್ದರು. ಪರೀಕ್ಷೆ ನಡೆಯುವ ಕಟ್ಟಡದ ಎದುರಿನ ಬೇವಿನ ಮರದ ಕೆಳಗೆ ಒಂದು ಗಂಟೆ ಕಾದೆವು. ಕೊನೆಗೆ ರಂಗನಾಯಕಿ ಹೊರಬಂದಳು, ಕಣ್ಣು ಒದ್ದೆ, ಮುಖ ಕೆಂಪು. "ಹೋಯ್ತು ಅತ್ತೆ, ಈ ಸಲಾನೂ ಹೋಯ್ತು" ಎಂದು ನಾನು ಪಿಸುಗುಟ್ಟಿದೆ. "ಸುಮ್ನಿರೇ. ಏಳರ ಮೇಲೆ ಬಂದಿದೆ" ಎಂದರು ಅತ್ತೆ.

ಒಳಗೆ ಏನಾಯಿತೆಂದು ಅವಳೇ ಹೇಳಿದಳು. "ಆ ಮೇಡಂ ನಗಲೇ ಇಲ್ಲಕ್ಕಾ. ಮೊದಲು ಬಯ ಬಂತು. ಆಮೇಲೆ ಸರಿಯಾಗಿ ನೋಡಿದೆ. ಬೆಳಗ್ಗಿಂದ ಕೂತೂ ಕೂತೂ ಅವರಿಗೆ ಸೊಂಟ ನೋವು ಪಾರುಂಗ, ಮೆಲ್ಲಗೆ ಜರುಗಿ ಜರುಗಿ ಕೂರ್ತಿದ್ದರು. ಪಾವಂ ಅನ್ನಿಸಿತು. ಪಾಪ ಅನ್ನಿಸಿದ ಮೇಲೆ ಬಯ ಎಲ್ಲಿಂದಕ್ಕಾ ಬರುತ್ತೆ?" ಹೀಗೆ ಹೇಳುತ್ತಲೇ ಅತ್ತೆಯನ್ನು ಅಪ್ಪಿಕೊಂಡು ಅತ್ತುಬಿಟ್ಟಳು.

ಫಲಿತಾಂಶ ಬಂದ ದಿನ ನಮ್ಮ ಬೀದಿಗೆಲ್ಲ ನನ್ನ ಕಿರುಚಾಟ ಕೇಳಿಸಿರಬೇಕು. ಏಳೂವರೆ! ರಂಗನಾಯಕಿಯ ಅಪ್ಪ ಅಮ್ಮ ಎಳನೀರಿನ ಗೊನೆ, ಅಚ್ಚುಬೆಲ್ಲ ಹೊತ್ತು ಬಂದು ನನಗೆ ನಮಸ್ಕಾರ ಹೇಳಿ, ನೇರ ಒಳಗೆ ಹೋಗಿ ಎಲ್ಲವನ್ನೂ ಅತ್ತೆಯ ಮುಂದಿಟ್ಟರು. ಅದೇ ವಾರ ಸೆಂದಿಲ್‌ನದೂ ಬಂತು. ಐದು. ಅವನು ಫೋನು ಮಾಡಿ, "ಮಿಸ್, ಆ ಕಪ್ಪು ಕನ್ನಡಕದ ಮೇಡಂ ಮತ್ತೆ ಯಾವಾಗ ಬರ್ತಾರೆ?" ಎಂದು ಕೇಳಿದ. ನನ್ನ ಕ್ಲಾಸು ಯಾವಾಗ ಎಂದು ಅವನು ವಿಚಾರಿಸಲಿಲ್ಲ.

ಅತ್ತೆ ಊರಿಗೆ ಹೊರಡುವ ಹಿಂದಿನ ಸಂಜೆ ನನಗೆ ಸುಮ್ಮನಿರಲಾಗಲಿಲ್ಲ. ಎದುರಿಗೆ ಹೋಗಿ ಕೂತು, "ನನಗೂ ಮಾರ್ಕು ಹಾಕಿ ಅತ್ತೆ" ಎಂದೆ. ನನ್ನ ವೃತ್ತಿಯ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದೆ. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಒಂಬತ್ತು ಬರದಿದ್ದರೂ ಎಂಟೂವರೆಗೆ ಮೋಸವಿಲ್ಲ ಎಂದುಕೊಂಡೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬರೆದರು: ಆರು.

"ಯಾಕತ್ತೆ?"

"ನೀನು ಮಾತಾಡೋವಾಗ ನಿನ್ನ ಮಾತು ನೀನೇ ಕೇಳಿಸ್ಕೊಂಡು ಖುಷಿ ಪಡ್ತೀಯ ಕಣೇ. ಎದುರಿಗೆ ಒಬ್ಬರು ಕೂತಿದಾರೆ ಅನ್ನೋದೇ ನಿಂಗೆ ಮರೆತುಹೋಗುತ್ತೆ. ನ್ಯಾಯವಾಗಿ ಐದೂವರೆ. ಸೊಸೆ ಅಂತ ಅರ್ಧ ಸೇರಿಸಿದೀನಿ."

ಮರುಮೌಲ್ಯಮಾಪನಕ್ಕೆ ನಾನು ಅರ್ಜಿ ಹಾಕಲಿಲ್ಲ. ಇರುವ ಅರ್ಧವೂ ಹೋದರೆ ಏನು ಮಾಡಲಿ?